ಫೋನ್ ಕಿತ್ತುಕೊಳ್ಳುವ ಮೊದಲು ಮಗುವಿನ ಮಾತು ಕೇಳಿ

ಕಾಸರಗೋಡು ಜಿಲ್ಲಾ ಶಿಕ್ಷಣ ಉಪನಿರ್ದೇಶಕರಿಗೆ, ಶಾಲೆಗಳ ಐಟಿ ಶಿಕ್ಷಣ ನೋಡಿಕೊಳ್ಳುವ ಕೈಟ್ ಸಂಸ್ಥೆಯ ಜಿಲ್ಲಾ ಕಚೇರಿಗೆ, ಟೀಚರ್‌ಗಳಿಗೆ ತರಬೇತಿ ಕೊಡುವ ಮಾಯಿಪ್ಪಾಡಿ ಡಯಟ್‌ನ ಪ್ರಾಂಶುಪಾಲರಿಗೆ ಮತ್ತು ನಮ್ಮ ಕನ್ನಡ ಶಾಲೆಗಳ ಪಿಟಿಎ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಳೆ ಜೋರಾದ ರಾತ್ರಿಗಳಲ್ಲಿ ನಮ್ಮ ಮಕ್ಕಳ ಫೋನಿಗೆ ಜಿಲ್ಲಾಧಿಕಾರಿಯವರ ಹೆಸರಿನಲ್ಲಿ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಸಂದೇಶ ಬರುತ್ತದೆ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಕಳೆದ ವರ್ಷದ್ದು. ಇನ್ನು ಕೆಲವೊಮ್ಮೆ ಯಾರೋ ದಿನಾಂಕವನ್ನಷ್ಟೇ ತಿದ್ದಿ ಬಿಟ್ಟದ್ದು. ಇದು ಕೇರಳದ ಎಲ್ಲ ಜಿಲ್ಲೆಗಳಲ್ಲೂ ಇರುವ ತಮಾಷೆ. ಆದರೆ ಗಡಿಯಲ್ಲಿರುವ ನಮಗೆ ಇನ್ನೊಂದು ಬಗೆಯೂ ಇದೆ. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಆ ಸಂದೇಶ ತಲಪಾಡಿ ಗಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆಯ ಗ್ರೂಪುಗಳಿಗೂ ಬರುತ್ತದೆ. ಅದು ಕನ್ನಡದಲ್ಲೇ ಇರುತ್ತದೆ. ಸಹಿ ಅಸಲಿ, ಸೀಲು ಅಸಲಿ, ದಿನಾಂಕವೂ ಸರಿ. ಆದರೆ ನಮಗೆ ಸಂಬಂಧಪಟ್ಟದ್ದಲ್ಲ, ಅಷ್ಟೆ. ನಮ್ಮ ಮಕ್ಕಳು ಮರುದಿನ ಮನೆಯಲ್ಲಿ ಕೂತಿರುತ್ತಾರೆ, ಶಾಲೆ ತೆರೆದಿರುತ್ತದೆ. ಸುಳ್ಳು ಸುದ್ದಿ ಅಂದ ಕೂಡಲೇ ನಮಗೆ ತಿದ್ದಿದ್ದು, ಕಟ್ಟಿದ್ದು ಮಾತ್ರ ನೆನಪಾಗುತ್ತದೆ. ನಿಜವಾದ ಸುದ್ದಿಯೂ ತಪ್ಪು ಊರಿಗೆ ಬಂದರೆ ದಾರಿ ತಪ್ಪಿಸುತ್ತದೆ ಎಂಬುದು ತಿರುವನಂತಪುರದಲ್ಲಿ ಕೂತು ಪಾಠ ಬರೆಯುವವರಿಗೆ ಹೊಳೆಯುವುದು ಕಷ್ಟ. ಅದು ಪೈವಳಿಕೆಯ ಟೀಚರಿಗೆ ಗೊತ್ತು.

ಈ ಪತ್ರ ಬರೆಯಲು ಕಾರಣ ಇಂಥದ್ದೇ. ನಾನು ಬದಿಯಡ್ಕದ ಕಡೆ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಜನರಿಗೆ ಸರ್ಕಾರಿ ಸೇವೆಗಳ ಆನ್‌ಲೈನ್ ಕೆಲಸ ಮಾಡಿಕೊಡುವ ಕೇಂದ್ರದಲ್ಲಿ, ಕೆಲಸ ಮಾಡುವವಳು. ಇಬ್ಬರು ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮಕ್ಕಳ ಡಿಜಿಟಲ್ ಬದುಕಿನ ಬಗ್ಗೆ ಮಾತನಾಡುವವರಲ್ಲಿ ಹೆಚ್ಚಿನವರು ಒಂದೋ ಟೀಚರ್‌ಗಳು, ಇಲ್ಲವೇ ಪೊಲೀಸರು, ಇಲ್ಲವೇ ಮನಶ್ಶಾಸ್ತ್ರ ಓದಿದವರು. ನಾನು ಈ ಮೂರೂ ಅಲ್ಲ. ಆದರೆ ನನ್ನ ಟೇಬಲ್ಲಿನ ಆಚೆ ಕಡೆ ಮಕ್ಕಳು ಮತ್ತು ಅವರ ಮನೆಯವರು ಒಟ್ಟಿಗೆ ಬಂದು ಕೂರುತ್ತಾರೆ. ಅಲ್ಲಿ ಕಾಣುವುದನ್ನು ಹೇಳುತ್ತೇನೆ.

ನಮ್ಮ ಊರುಗಳಲ್ಲಿ ಮಗುವೇ ಮನೆಯ ಗುಮಾಸ್ತ. ಪ್ಲಸ್ ವನ್ ಅರ್ಜಿ ಹಾಕುವ ಏಕಜಾಲಕಂ ವೆಬ್‌ಸೈಟಿನ ಪಾಸ್‌ವರ್ಡ್ ಅದಕ್ಕೇ ಗೊತ್ತು. ಅಜ್ಜನ ಪೆನ್ಶನಿಗೆ ಬೆರಳಚ್ಚು ಕೊಡುವ ಮಸ್ಟರಿಂಗ್ ಯಾವಾಗ ಅಂತ ಅದಕ್ಕೇ ಗೊತ್ತು. ರೇಶನ್ ಕಾರ್ಡ್, ಕರೆಂಟ್ ಬಿಲ್, ಅಮ್ಮನ ಕುಟುಂಬಶ್ರೀ ಮಹಿಳಾ ಸಂಘದ ಸಾಲದ ಕಂತು, ಎಲ್ಲವೂ ಆ ಒಂದೇ ಫೋನಿನಲ್ಲಿ. ಅಪ್ಪ ಗಲ್ಫಿನಲ್ಲಿದ್ದರೆ ಅಪ್ಪನ ಹೆಸರಿನ ಸಿಮ್ ಮಗನ ಕೈಯಲ್ಲಿರುತ್ತದೆ. ಬ್ಯಾಂಕಿನ ಒಟಿಪಿ ಬಂದರೆ ಅಮ್ಮ ಒಳಗಿಂದ ಕೂಗುತ್ತಾಳೆ, ‘ಮಗಾ, ನಂಬ್ರ ಎಂಥ ಬಂತು ನೋಡು’ ಅಂತ. ಹನ್ನೆರಡು ವರ್ಷದ ಮಗು ಮೂರು ತಲೆಮಾರಿನ ಲೆಕ್ಕ ನೋಡುತ್ತದೆ. ಅದೇ ಮಗುವಿಗೆ ನಾವು ವರ್ಷಕ್ಕೊಮ್ಮೆ ಒಂದು ತರಗತಿ ಇಟ್ಟು ‘ಮೊಬೈಲ್ ಜಾಸ್ತಿ ನೋಡಬಾರದು’ ಎಂದು ಹೇಳಿ ಕಳಿಸುತ್ತೇವೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಸುಳ್ಳು ಸುದ್ದಿ ಆದೀತು. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು. 2017ರಲ್ಲಿ ಅದು ಕೈಟ್ ಆಯಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ ಬಂತು. ಎಂಟರಿಂದ ಹನ್ನೆರಡರ ತನಕದ ತರಗತಿಗಳಿಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಬಂದವು. 2020ರ ಜೂನ್ 1ರಂದು ಕೊರೊನಾದಿಂದ ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಕೈಟ್‌ನ ವಿಕ್ಟರ್ಸ್ ಟಿವಿ ಚಾನೆಲ್‌ನಲ್ಲಿ ಫಸ್ಟ್ ಬೆಲ್ ತರಗತಿ ಶುರುವಾಯಿತು, ಆಮೇಲೆ ಕನ್ನಡದಲ್ಲೂ ಪಾಠಗಳು ಬಂದವು. ಗಡಿ ಮುಚ್ಚಲು ತಲಪಾಡಿಯ ರಸ್ತೆಗೆ ಆಚೆ ಕರ್ನಾಟಕದವರು ಮಣ್ಣು ಸುರಿದಿದ್ದ ವರ್ಷ ಅದು. ನಮ್ಮ ಹಲವು ಮನೆಗಳಿಗೆ ಮೊದಲ ಸ್ಮಾರ್ಟ್‌ಫೋನ್ ಬಂದದ್ದೂ ಆಗಲೇ, ಮಗುವಿನ ಪಾಠಕ್ಕೆ ಅಂತ.

2022ರಲ್ಲಿ ಸತ್ಯಮೇವ ಜಯತೇ ಹೆಸರಿನ ಕಾರ್ಯಕ್ರಮದಲ್ಲಿ ರಾಜ್ಯದ 19 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸುವ ತರಬೇತಿ ಸಿಕ್ಕಿತು. ಅದೇ ವರ್ಷ ಅಮ್ಮಂದಿರಿಗೆ ಸೈಬರ್ ಸುರಕ್ಷತೆಯ ತರಗತಿಗಳನ್ನು ಲಿಟ್ಲ್ ಕೈಟ್ಸ್ ಮಕ್ಕಳೇ ನಡೆಸಿದರು. 2024ರಲ್ಲಿ ಐದು ಮತ್ತು ಏಳನೇ ತರಗತಿಯ ಐಸಿಟಿ, ಅಂದರೆ ಕಂಪ್ಯೂಟರ್ ಪುಸ್ತಕದಲ್ಲೇ ಸುಳ್ಳು ಸುದ್ದಿ ಗುರುತಿಸುವ ಪಾಠ ಸೇರಿತು. ಏಳನೇ ತರಗತಿಯವರು ಎಐ ಬಗ್ಗೆಯೂ ಕಲಿಯುತ್ತಿದ್ದಾರೆ. ಪುಸ್ತಕ ಕನ್ನಡದಲ್ಲೂ ಇದೆ. 2025ರ ಆಗಸ್ಟ್ 21ರಂದು ಕೇರಳ ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಣೆಯಾಯಿತು. 1991ರ ಏಪ್ರಿಲಿನಲ್ಲಿ ಪೂರ್ಣ ಸಾಕ್ಷರತೆ ಘೋಷಿಸಿದ ರಾಜ್ಯಕ್ಕೆ ಇದು ಹೆಮ್ಮೆಯ ವಿಷಯವೇ. ಬೇರೆ ಎಷ್ಟು ರಾಜ್ಯಗಳು ಇಷ್ಟು ಮಾಡಿವೆ ಹೇಳಿ.

ಆದರೆ ಸಾಕ್ಷರತೆ ಅಂದರೆ ಫೋನ್ ಬಳಸಲು ಬರುವುದು. ನಮ್ಮ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ, ಅವರೇ ನಮಗೆ ಕಲಿಸುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಬೇರೆ. ತೊಂದರೆಯಾದಾಗ ಯಾರಿಗೆ ಹೇಳಬೇಕು? ಯಾವ ಭಾಷೆಯಲ್ಲಿ ಹೇಳಬೇಕು? ಹೇಳಿದ ಮೇಲೆ ಏನಾಗುತ್ತದೆ? ನನ್ನ ಪತ್ರದ ವಿಷಯ ಇಷ್ಟೇ.

ಒಮ್ಮೆ ಹೈಸ್ಕೂಲಿನ ಒಬ್ಬ ಹುಡುಗಿ ಗೆಳತಿಯನ್ನು ಕರೆದುಕೊಂಡು ಕೇಂದ್ರಕ್ಕೆ ಬಂದಳು. ಪ್ರಿಂಟ್ ತೆಗೆಯಲು ಅಂತ ಬಂದವಳು ಜನ ಕಡಿಮೆಯಾಗುವ ತನಕ ಕಾದು, ‘ಅಕ್ಕಾ, ಇನ್‌ಸ್ಟಾಗ್ರಾಂನಲ್ಲಿ ಬೇರೆಯವರ ಅಕೌಂಟ್ ನಾವು ಡಿಲೀಟ್ ಮಾಡ್ಲಿಕ್ಕೆ ಆಗ್ತದಾ?’ ಎಂದು ಕೇಳಿದಳು. ಯಾರೋ ಅವಳ ಹೆಸರು, ಅವಳ ಫೋಟೊ ಹಾಕಿ ಒಂದು ಖಾತೆ ಮಾಡಿದ್ದರು. ಅದರಿಂದ ಅವಳ ತರಗತಿಯ ಹುಡುಗರಿಗೆ ಮೆಸೇಜ್ ಹೋಗುತ್ತಿತ್ತು. ಮನೆಯಲ್ಲಿ ಹೇಳಿದ್ದೀಯಾ ಅಂದೆ. ‘ಹೇಳಿದ್ರೆ ಫೋನ್ ತೆಗೆದಿಡ್ತಾರೆ. ಆಮೇಲೆ ಟ್ಯೂಶನಿಗೂ ಕಳಿಸುದಿಲ್ಲ.’ ಟೀಚರಿಗೆ ಹೇಳಿದ್ದೀಯಾ ಅಂದೆ. ‘ಟೀಚರ್ ಅಪ್ಪನ್ನ ಕರೀತಾರೆ.’ ಪೊಲೀಸ್ ಎಂಬ ಮಾತಂತೂ ಬೇಡವೇ ಬೇಡ. ಆ ಶಾಲೆಯಲ್ಲಿ ಸೈಬರ್ ಜಾಗೃತಿ ತರಗತಿ ಆಗಿತ್ತು, ಅವಳೂ ಕೂತಿದ್ದಳು. ಅಲ್ಲಿ ಏನು ಹೇಳಿದರು ಎಂದು ಕೇಳಿದ್ದಕ್ಕೆ, ‘ಫೋಟೊ ಹಾಕ್ಬಾರ್ದು ಅಂತ ಹೇಳಿದ್ರು. ನಾನು ಹಾಕಿದ್ದೆ’ ಅಂದಳು.

ಆ ಮಾತನ್ನು ಸ್ವಲ್ಪ ಗಮನಿಸಿ. ತರಗತಿಯಿಂದ ಅವಳು ಕಲಿತದ್ದು ತಪ್ಪು ತನ್ನದೇ ಎಂದು. ಫೋಟೊ ಕದ್ದವನ ಬಗ್ಗೆ ಅವಳಿಗೆ ಸಿಟ್ಟು ಬರಲಿಲ್ಲ, ತನ್ನ ಬಗ್ಗೆ ನಾಚಿಕೆ ಬಂತು. ನಮ್ಮ ಜಾಗೃತಿ ತರಗತಿಗಳು ಬಹುಮಟ್ಟಿಗೆ ಹೀಗೇ ಇವೆ. ಒಂದು ಸ್ಲೈಡಿನ ಮೇಲೆ ಒಂದು ಭಯಂಕರ ಕಥೆ. ಕೊನೆಯಲ್ಲಿ ‘ಹುಷಾರ್’. ಅಪಾಯ ಎಷ್ಟು ದೊಡ್ಡದು ಎಂದು ಹೇಳಿದಷ್ಟೂ, ಅಪಾಯಕ್ಕೆ ಸಿಕ್ಕಿದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ತೊಂದರೆ ಕೊಡುವವನಿಗೆ ಬೇಕಾದದ್ದೂ ಅದೇ. ‘ಮನೆಯಲ್ಲಿ ಹೇಳ್ತೇನೆ’ ಎಂಬ ಬೆದರಿಕೆಯಿಂದಲೇ ಅವನ ದಂಧೆ ನಡೆಯುವುದು.

ಮಗುವಿಗೆ ಗೊತ್ತಿರಬೇಕಾದ ಸಂಗತಿಗಳು ಭಯಂಕರವಾದವಲ್ಲ, ಬೋರು ಹೊಡೆಸುವಷ್ಟು ಸರಳ. ಮೊದಲನೆಯದಾಗಿ, ಹೆದರಿ ಎಲ್ಲವನ್ನೂ ಅಳಿಸಿಬಿಡಬಾರದು. ಸ್ಕ್ರೀನ್‌ಶಾಟ್ ತೆಗೆಯಬೇಕು. ಆ ಖಾತೆಯ ಹೆಸರು, ಲಿಂಕ್, ತಾರೀಕು ಬರೆದಿಡಬೇಕು. ಆಮೇಲೆ ಆ್ಯಪಿನಲ್ಲೇ ರಿಪೋರ್ಟ್ ಮಾಡಬೇಕು. ಬೇರೆಯವರ ಹೆಸರಿನಲ್ಲಿ ನಕಲಿ ಖಾತೆ, ತಿರುಚಿದ ಚಿತ್ರ, ನಗ್ನ ಚಿತ್ರ ಇಂಥದ್ದರ ಬಗ್ಗೆ ಆ ವ್ಯಕ್ತಿಯೇ ದೂರು ಕೊಟ್ಟರೆ ಕಂಪನಿ 24 ಗಂಟೆಯೊಳಗೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕು ಎಂದು 2021ರ ಐಟಿ ನಿಯಮಗಳಲ್ಲೇ ಬಂದಿತ್ತು. ಇದು ಕಂಪನಿಯ ಔದಾರ್ಯ ಅಲ್ಲ, ಮಗುವಿನ ಹಕ್ಕು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ, 18 ತುಂಬದವರ ಖಾಸಗಿ ಚಿತ್ರಗಳಿಗಾಗಿಯೇ ಮಾಡಿದ್ದು. ಅಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನ ಒಳಗೇ ಆ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಖ್ಯೆ ಹುಟ್ಟುತ್ತದೆ, ಆ ಸಂಖ್ಯೆ ಮಾತ್ರ ಕಂಪನಿಗಳಿಗೆ ಹೋಗುತ್ತದೆ. ಅದನ್ನು ಇಟ್ಟುಕೊಂಡು ಅವರು ಚಿತ್ರವನ್ನು ಹುಡುಕಿ ತಡೆಯುತ್ತಾರೆ. ‘ಚಿತ್ರ ಇನ್ನೊಬ್ಬರಿಗೆ ತೋರಿಸಬೇಕಾಗುತ್ತದಲ್ಲ’ ಎಂಬ ಹೆದರಿಕೆಯಿಂದ ಸುಮ್ಮನಿರುವ ಮಕ್ಕಳಿಗೆ ಈ ಒಂದು ವಿಷಯ ಗೊತ್ತಾದರೆ ಎಷ್ಟು ಸಮಾಧಾನ ಗೊತ್ತಾ?

ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದೂ ತಡಮಾಡದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಟಿಎಮ್ಮಿನಿಂದ ಹೊರಗೆ ಬೀಳುವ ಮೊದಲು ಯಾವುದಾದರೂ ಬ್ಯಾಂಕಿನಲ್ಲಿ ತಡೆಯಲು ಸಾಧ್ಯ. 2023ರ ಜುಲೈಯಲ್ಲಿ ಕಲ್ಲಿಕೋಟೆಯ ಒಬ್ಬ ನಿವೃತ್ತ ಉದ್ಯೋಗಿಗೆ ಹಳೆಯ ಸಹೋದ್ಯೋಗಿಯ ಮುಖದಲ್ಲೇ ವಾಟ್ಸ್ಆ್ಯಪ್ ವಿಡಿಯೊ ಕರೆ ಬಂತು. ಆಸ್ಪತ್ರೆಯ ಖರ್ಚು ಎಂದು ನಂಬಿ ಅವರು 40,000 ರೂಪಾಯಿ ಕಳಿಸಿದರು. ಆ ಮುಖವನ್ನು ಎಐ ಮಾಡಿತ್ತು. ಮತ್ತೆ ಹಣ ಕೇಳಿದಾಗ ಅವರಿಗೆ ಸಂಶಯ ಬಂತು. ನಿಜವಾದ ಗೆಳೆಯನ ನಂಬರಿಗೆ ಫೋನ್ ಮಾಡಿದರು, ಬಳಿಕ ದೂರು ಕೊಟ್ಟರು. ಪೊಲೀಸರು ಹಣದ ದಾರಿ ಹಿಡಿದು ಖಾತೆಯನ್ನು ತಡೆದರು. ಈ ಘಟನೆಯನ್ನು ತರಗತಿಗಳಲ್ಲಿ ಹೇಳುವಾಗ ‘ಎಐ ಎಷ್ಟು ಅಪಾಯ ನೋಡಿ’ ಎಂದು ಅರ್ಧದಲ್ಲೇ ನಿಲ್ಲಿಸುತ್ತಾರೆ. ಅವರು ಫೋನ್ ಮಾಡಿ ಕೇಳಿದ್ದು, ನಾಚಿಕೆಪಡದೆ ದೂರು ಕೊಟ್ಟದ್ದು, ಇವೇ ಮಕ್ಕಳಿಗೆ ಹೇಳಬೇಕಾದ ಭಾಗ ಅಲ್ವಾ?

ಇನ್ನು ಹುಡುಗರಿಗೆ ಮುಖ್ಯವಾಗಿ ತಿಳಿಯಬೇಕಾದ ಒಂದು ಕಠಿಣ ವಿಷಯ. ಯಾರೋ ಕಳಿಸಿದ ಇನ್ನೊಂದು ಮಗುವಿನ ಅಶ್ಲೀಲ ಚಿತ್ರವನ್ನು ತಾನು ಮಾಡಿಲ್ಲ, ಸುಮ್ನೆ ಇಟ್ಟುಕೊಂಡದ್ದಷ್ಟೇ ಎಂಬ ಸಮರ್ಥನೆ ನಡೆಯುವುದಿಲ್ಲ. ಐಟಿ ಕಾಯ್ದೆಯ 67ಬಿ ಸೆಕ್ಷನ್ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಎರಡೂ ಇದಕ್ಕೆ ಅನ್ವಯಿಸುತ್ತವೆ. ಇಂಥ ಚಿತ್ರವನ್ನು ಇಟ್ಟುಕೊಳ್ಳುವುದೂ ಅಪರಾಧ ಆಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಗ್ರೂಪಿಗೆ ಬಂದದ್ದನ್ನು ಮುಂದೆ ಕಳಿಸಿದ ಹದಿನೈದರ ಹುಡುಗನಿಗೆ ಅದು ‘ಫಾರ್ವರ್ಡ್’ ಮಾತ್ರ. ಕಾನೂನಿಗೆ ಹಾಗಲ್ಲ. ಇದನ್ನು ಹೇಳಲು ಟೀಚರ್‌ಗಳಿಗೆ ಸಂಕೋಚ. ಅದು ನನಗೆ ಅರ್ಥ ಆಗುತ್ತದೆ. ಹಾಗಂತ ಹೇಳದೇ ಇದ್ದರೆ ಆಗದು.

ಈಗ ಭಾಷೆಯ ಮಾತು. ನಮ್ಮದು ಸಪ್ತಭಾಷೆಗಳ ನೆಲ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಎಣ್ಮಕಜೆಯ ಮಗುವೊಂದು ಮನೆಯಲ್ಲಿ ತುಳು ಮಾತನಾಡುತ್ತದೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಇನ್‌ಸ್ಟಾಗ್ರಾಂನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ. ಮಾತಿಗೆ ಇವೆಲ್ಲ ಚೆಂದ. ಆದರೆ ಮೈಮೇಲೆ ಬಂದ ಕಷ್ಟವನ್ನು, ನಾಚಿಕೆಯನ್ನು, ಯಾರೋ ಬೆದರಿಸಿದ್ದನ್ನು ಹೇಳಬೇಕಾದಾಗ ಮಗುವಿಗೆ ಒಂದೇ ಭಾಷೆ ಒದಗುತ್ತದೆ. ನಾನು ಕಂಡ ತರಬೇತಿಗಳಲ್ಲಿ ಹೊರಗಿನಿಂದ ಬಂದವರು ಮಲಯಾಳದಲ್ಲಿ ಹೇಳುತ್ತಾರೆ. ಶಾಲೆಯ ಟೀಚರ್ ಒಬ್ಬರು ಪಕ್ಕದಲ್ಲಿ ನಿಂತು ಮೂರು ವಾಕ್ಯಕ್ಕೆ ಒಂದು ವಾಕ್ಯದಂತೆ ಕನ್ನಡ ಮಾಡುತ್ತಾರೆ. ಹೇಗೋ ವಿಷಯ ಮುಟ್ಟುತ್ತದೆ. ಆದರೆ ಕೊನೆಯಲ್ಲಿ ‘ಯಾರಿಗಾದರೂ ಏನಾದರೂ ಹೇಳಲಿಕ್ಕುಂಟಾ’ ಎಂದು ಕೇಳಿದಾಗ ಒಂದು ಮಗುವೂ ಏಳುವುದಿಲ್ಲ. ತನ್ನ ಗುಟ್ಟನ್ನು ದುಭಾಷಿಯ ಮೂಲಕ ಹೇಳುವ ಮಗು ಎಲ್ಲಿದೆ?

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗುವ ಹಳೆಯ ಜಗಳವನ್ನು ಇಲ್ಲಿ ಎಳೆಯುವುದಿಲ್ಲ. ಅದು ನಿಮಗೆ ಚೆನ್ನಾಗಿ ಗೊತ್ತು, ಕೋರ್ಟಿಗೂ ಗೊತ್ತು. ಒಂದೇ ಮಾತು: ಗಣಿತದ ಪಾಠ ಅರ್ಥ ಆಗದಿದ್ದರೆ ಮಾರ್ಕು ಹೋಗುತ್ತದೆ, ಈ ಪಾಠ ಅರ್ಥ ಆಗದಿದ್ದರೆ ಮಗುವಿನ ನೆಮ್ಮದಿಯೇ ಹೋಗುತ್ತದೆ. ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಹೇಳಿತು. ಈ ವಿಷಯ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಎಷ್ಟು ಟೀಚರ್‌ಗಳಿಗೆ ಗೊತ್ತು? ಒಂಬತ್ತನೇ ತರಗತಿಯಲ್ಲಿ ರಜೆ ಅರ್ಜಿ, ಗೆಳೆಯನಿಗೆ ಪತ್ರ ಬರೆಯಲು ಕಲಿಸುತ್ತೇವೆ. ‘ನನ್ನ ಹೆಸರಿನಲ್ಲಿ ನಕಲಿ ಖಾತೆ ಮಾಡಿದ್ದಾರೆ’ ಎಂದು ಠಾಣೆಗೆ ಕನ್ನಡದಲ್ಲಿ ಒಂದು ದೂರು ಬರೆಯಲು ಯಾಕೆ ಕಲಿಸಬಾರದು? ಅದೂ ಭಾಷಾ ಪಾಠವೇ. ಪರೀಕ್ಷೆಗೆ ಕೇಳಿ ಬೇಕಾದರೆ.

ಹೇಗೆ ಕಲಿಸುವುದು ಎಂಬ ಬಗ್ಗೆ ನನ್ನದೊಂದು ಆಸೆ ಇದೆ. ನಮ್ಮದು ಯಕ್ಷಗಾನದ ಊರು. ಇಲ್ಲಿನ ಎಷ್ಟೋ ಶಾಲೆಗಳ ಮಕ್ಕಳು ಕಲೋತ್ಸವಕ್ಕೆ ಯಕ್ಷಗಾನ ಕಲಿಯುತ್ತಾರೆ, ಮಳೆಗಾಲದಲ್ಲಿ ಊರೂರಲ್ಲಿ ತಾಳಮದ್ದಳೆ ಇರುತ್ತದೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಎದುರಿನವನು ಏನು ಹೇಳುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಅಲ್ಲೇ ಉತ್ತರ ಹುಟ್ಟಬೇಕು. ಮೋಸದ ಕರೆ ಬಂದಾಗ ಬೇಕಾಗುವುದು ಇದೇ ಚುರುಕು.

ಒಬ್ಬ ಹುಡುಗ ನಕಲಿ ಸಿಬಿಐ ಅಧಿಕಾರಿ ಆಗಲಿ. ಒಬ್ಬಳು ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿ. ಇನ್ನೊಬ್ಬ ಶಾಲೆಯಿಂದ ಆಗ ತಾನೇ ಬಂದ ಮೊಮ್ಮಗ. ಅಧಿಕಾರಿ ಹೆದರಿಸುತ್ತಾನೆ, ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆ ಕಟ್ ಮಾಡಿದರೆ ಅರೆಸ್ಟ್.’ ಮೊಮ್ಮಗ ಕೇಳಬೇಕು: ಯಾವ ಠಾಣೆ? ನೋಟಿಸ್ ಎಲ್ಲಿ? ಫೋನಿನಲ್ಲಿ ಯಾರನ್ನಾದರೂ ಅರೆಸ್ಟ್ ಮಾಡುವ ಕಾನೂನು ಯಾವುದು? ಅಂಥ ಕಾನೂನು ಇಲ್ಲವೇ ಇಲ್ಲ ಎಂದು ತರಗತಿಯ ಮಕ್ಕಳೆಲ್ಲ ನಗುತ್ತಾ ಕಲಿಯುತ್ತಾರೆ. ಮಾತು ಬಲ್ಲ ಹುಡುಗ ಅಧಿಕಾರಿಯ ಪಾತ್ರದಲ್ಲಿ ಅಜ್ಜಿಯನ್ನು ಸೋಲಿಸಿಯೇಬಿಡುತ್ತಾನೆ. ಆಗ ಪಾತ್ರ ಅದಲು ಬದಲು ಮಾಡಿ. ಮೋಸ ಮಾಡುವವನು ಹೇಗೆ ಮಾತು ಹೆಣೆಯುತ್ತಾನೆ ಎಂಬುದು ಆ ಪಾತ್ರ ಮಾಡಿದವನಿಗೇ ಚೆನ್ನಾಗಿ ಗೊತ್ತಾಗುತ್ತದೆ. ಪ್ರಸಂಗದಲ್ಲಿ ಸಂಧಾನಕ್ಕೆ ಬಂದವರು, ಕಪಟದಲ್ಲಿ ಬಂದವರು ನಮ್ಮ ಮಕ್ಕಳಿಗೆ ಹೊಸಬರೇನಲ್ಲ. ತುಳುವಿನಲ್ಲಿ ಮಾತನಾಡಲಿ, ಬ್ಯಾರಿಯಲ್ಲಿ ಮಾತನಾಡಲಿ, ಮರಾಟಿಯಲ್ಲಿ ಮಾತನಾಡಲಿ. ಅಜ್ಜಿಗೆ ಬರುವ ಭಾಷೆಯಲ್ಲೇ ಇರಲಿ.

ಇದಕ್ಕೆ ದುಡ್ಡು ಬೇಡ, ಪ್ರೊಜೆಕ್ಟರ್ ಬೇಡ. ಮಾಯಿಪ್ಪಾಡಿಯಲ್ಲಿ ಹತ್ತಿಪ್ಪತ್ತು ಕನ್ನಡ ಟೀಚರ್‌ಗಳು ಎರಡು ದಿನ ಕೂತರೆ ಇಡೀ ವರ್ಷಕ್ಕೆ ಬೇಕಾದ ಪ್ರಸಂಗಗಳು ತಯಾರಾಗುತ್ತವೆ. ರಜೆ ಪೋಸ್ಟರಿನ ಪ್ರಸಂಗ. ಗೇಮಿನಲ್ಲಿ ಪರಿಚಯವಾದ ‘ಗೆಳೆಯ’ನ ಪ್ರಸಂಗ. ಪ್ಲಸ್ ಟು ಹುಡುಗನಿಗೆ ‘ನಿನ್ನ ಬ್ಯಾಂಕ್ ಖಾತೆ ಎರಡು ತಿಂಗಳಿಗೆ ಕೊಡು, ಸುಮ್ನೆ ಹಣ ಸಿಗ್ತದೆ’ ಎನ್ನುವವನ ಪ್ರಸಂಗ. ಈ ಕೊನೆಯದು ಕೇರಳದಲ್ಲಿ ಈಗ ದೊಡ್ಡ ಪಿಡುಗು. ಮೋಸದ ಹಣ ದಾಟಿಸಲು ವಿದ್ಯಾರ್ಥಿಗಳ ಖಾತೆಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಖಾತೆ ಯಾರ ಹೆಸರಿನಲ್ಲಿದೆಯೋ ಪೊಲೀಸರು ಅವರ ಮನೆಗೇ ಮೊದಲು ಬರುತ್ತಾರೆ. ಖಾತೆ ತೆರೆಯಲು ಕೇಂದ್ರಕ್ಕೆ ಬರುವ ಮಕ್ಕಳಿಗೆ ನಾನೇ ಇದನ್ನು ಹೇಳುತ್ತೇನೆ. ಆದರೆ ಅದು ನನ್ನ ಕೌಂಟರಿನಲ್ಲಿ ನಡೆಯಬೇಕಾದ ಪಾಠ ಅಲ್ಲ.

ಗ್ರೂಪುಗಳ ಬಗ್ಗೆ ಒಂದು ಮಾತು. 2025ರ ಫೆಬ್ರವರಿ ಕೊನೆಗೆ ಕಲ್ಲಿಕೋಟೆ ಜಿಲ್ಲೆಯ ತಾಮರಶ್ಶೇರಿಯಲ್ಲಿ ಟ್ಯೂಶನ್ ಸೆಂಟರಿನ ಬೀಳ್ಕೊಡುಗೆಯಲ್ಲಿ ಹುಟ್ಟಿದ ಜಗಳ ಹತ್ತನೇ ತರಗತಿಯ ಒಬ್ಬ ಹುಡುಗನ ಜೀವ ತೆಗೆಯಿತು. ಹೊಡೆದವರೂ ಮಕ್ಕಳೇ. ಮಕ್ಕಳ ಗ್ರೂಪುಗಳಲ್ಲಿ ಓಡಾಡಿದ ಮಾತುಗಳು ಆಮೇಲೆ ಹೊರಗೆ ಬಂದವು, ಇಡೀ ಕೇರಳ ಕೇಳಿ ಬೆಚ್ಚಿಬಿತ್ತು. ಅಂಥ ಗ್ರೂಪುಗಳಲ್ಲಿ ಬೆದರಿಕೆ ಹಾಕುವವರು ಇಬ್ಬರು ಮೂವರು, ಸುಮ್ಮನೆ ಓದುತ್ತಾ ಇರುವವರು ಹತ್ತಾರು. ಆ ಓದುವ ಹತ್ತಾರು ಮಕ್ಕಳಲ್ಲಿ ಒಬ್ಬ ಹೊರಗೆ ಬಂದು ದೊಡ್ಡವರೊಬ್ಬರಿಗೆ ಹೇಳಬೇಕಾದರೆ ಅವನಿಗೆ ಏನು ಬೇಕು? ತನ್ನ ಹೆಸರು ಹೊರಗೆ ಬಾರದು ಎಂಬ ನಂಬಿಕೆ ಬೇಕು. ಡಿಜಿಟಲ್ ಪೌರತ್ವ ಎಂಬ ಭಾರದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಕ್ಕಳಿಗೆ ಪಾಠ ಹೇಳುವ ದೊಡ್ಡವರ ನಡತೆಯನ್ನೂ ಸ್ವಲ್ಪ ನೋಡೋಣ. ಶಾಲೆಯ ಫೇಸ್‌ಬುಕ್ ಪುಟಗಳಲ್ಲಿ ಬಹುಮಾನ ಪಡೆದ ಮಗುವಿನ ಫೋಟೊ, ಹೆಸರು, ತರಗತಿ, ತಂದೆಯ ಹೆಸರು, ಮನೆಯ ಹೆಸರು ಎಲ್ಲ ಇರುತ್ತದೆ. ಅಪರಿಚಿತನೊಬ್ಬ ‘ನಾನು ನಿನ್ನ ಅಪ್ಪನ ಗೆಳೆಯ’ ಎಂದು ನಂಬಿಸಲು ಇದಕ್ಕಿಂತ ಜಾಸ್ತಿ ಏನು ಬೇಕು? ದೈವದ ಕೋಲ ನಡೆಯುವ ಕೊಟ್ಯದಲ್ಲಿ, ತೆಯ್ಯಂ ಕಳದಲ್ಲಿ ‘ಚಿತ್ರೀಕರಣ ಬೇಡ’ ಎಂದರೂ ಮೊದಲು ಫೋನ್ ಎತ್ತುವುದು ನಾವು, ಮಕ್ಕಳಲ್ಲ. ಸ್ಕೂಲ್ ಗ್ರೂಪಿನಲ್ಲಿ ಬೆಳಗ್ಗಿನ ಜಾವ ಪರಿಶೀಲಿಸದ ಸುದ್ದಿ ಹಾಕುವ ಪಿಟಿಎ ಸದಸ್ಯರೂ ನಮ್ಮಲ್ಲೇ ಇದ್ದಾರೆ, ಹೆಸರು ಹೇಳುವುದು ಬೇಡ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ವದಂತಿ ನಂಬಿ ಒಬ್ಬ ಯುವಕನನ್ನು ಹೊಡೆದು ಕೊಂದರು. ಹೊಡೆದವರು ಶಾಲೆಯ ಮಕ್ಕಳಾಗಿರಲಿಲ್ಲ, ದೊಡ್ಡವರು. ಆ ವರ್ಷವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದೇ ಮಂದಿಗೆ ಫಾರ್ವರ್ಡ್ ಎಂಬ ಮಿತಿ ತಂದಿತು.

ಹೆತ್ತವರ ಒಪ್ಪಿಗೆಯ ಕಥೆಯಂತೂ ನಗು ಬರಿ‍ಸುವಂಥದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಅವರ ಹಿಂದೆ ಬಿದ್ದು ಜಾಹೀರಾತು ತೋರಿಸಬಾರದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಒಳ್ಳೆಯ ಕಾನೂನು. ಆದರೆ ನಮ್ಮ ಮನೆಗಳಲ್ಲಿ ಒಪ್ಪಿಗೆಯ ಒಟಿಪಿ ಬರುವುದು ಯಾರ ಕೈಯಲ್ಲಿರುವ ಫೋನಿಗೆ? ಅಪ್ಪನ ಪರವಾಗಿ ಒಪ್ಪುವವನೂ ಮಗನೇ. ಹಾಗಾಗಿ ಈ ಪಾಠ ಮಗುವಿಗೆ ಮಾತ್ರ ಹೇಳಿ ಪ್ರಯೋಜನ ಇಲ್ಲ. ಅಮ್ಮಂದಿರಿಗೆ 2022ರಲ್ಲಿ ಮಾಡಿದಂಥ ತರಗತಿ ಪ್ರತಿ ವರ್ಷವೂ ಆಗಬೇಕು, ಭಾನುವಾರ ಆಗಬೇಕು, ಶಾಲೆಗಿಂತ ಕುಟುಂಬಶ್ರೀ ಸಭೆಯಲ್ಲೋ ಊರಿನ ವಾಚನಾಲಯದಲ್ಲೋ ಆದರೆ ಇನ್ನೂ ಒಳ್ಳೆಯದು. ಬೀಡಿ ಕಟ್ಟುವ ಅಮ್ಮ ಮಧ್ಯಾಹ್ನ ಎರಡು ಗಂಟೆಯ ಮೀಟಿಂಗಿಗೆ ಹೇಗೆ ಬರುತ್ತಾಳೆ?

ಫೋನನ್ನೇ ನಿಷೇಧಿಸಿಬಿಡಿ ಎನ್ನುವವರೂ ಇದ್ದಾರೆ. ಕೇರಳದ ಶಾಲೆಗಳ ಒಳಗೆ ಮಕ್ಕಳು ಫೋನ್ ತರಬಾರದು ಎಂಬ ಆದೇಶ ಇದ್ದೇ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16 ತುಂಬದವರಿಗೆ ಸೋಶಿಯಲ್ ಮೀಡಿಯಾ ಖಾತೆಯನ್ನೇ ತಡೆದಿದೆ. ಅಲ್ಲಿ ಹೇಗೆ ನಡೆಯುತ್ತದೋ ಅವರೇ ನೋಡಲಿ. ನಮ್ಮಲ್ಲಿ ಮಗುವಿನ ಕೈಯಿಂದ ಫೋನ್ ತೆಗೆದರೆ ಅಜ್ಜನ ಪೆನ್ಶನ್ ನಿಲ್ಲುತ್ತದೆ!

ಹಾಗಾದರೆ ನಿಮ್ಮಿಂದ ಏನು ಬೇಕು? ಪ್ರತಿ ಕನ್ನಡ ಶಾಲೆಯಲ್ಲಿ ಒಬ್ಬ ಟೀಚರನ್ನು ಹೆಸರಿಸಿ. ಮಕ್ಕಳ ಮನೆಮಾತು ಬಲ್ಲವರಾಗಿರಲಿ. ಮಗು ಬಂದು ಹೇಳಿದರೆ ಮೊದಲ ದಿನವೇ ಮನೆಗೆ ಫೋನ್ ಮಾಡಬಾರದು, ಫೋನ್ ಕಿತ್ತುಕೊಳ್ಳಬಾರದು, ‘ನೀನು ಯಾಕೆ ಹಾಗೆ ಮಾಡಿದೆ’ ಎಂದು ಕೇಳಬಾರದು ಎಂದು ಲಿಖಿತ ಆದೇಶ ಕೊಡಿ. ಪೋಕ್ಸೋದಂಥ ಪ್ರಕರಣವಾದರೆ ವರದಿ ಮಾಡಲೇಬೇಕು, ಅದು ಕಾನೂನು. ಆದರೆ ಅಲ್ಲೂ ಮಗುವಿಗೆ ಮುಂದೇನಾಗುತ್ತದೆ ಎಂದು ಅದರ ಭಾಷೆಯಲ್ಲಿ ಮೊದಲು ಹೇಳಿ. ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930 ಎರಡನ್ನೂ ತರಗತಿಯ ಗೋಡೆಗೆ ಕನ್ನಡದಲ್ಲಿ ಬರೆಸಿ, ಕನ್ನಡದಲ್ಲಿ ಮಾತನಾಡಿದರೆ ಉತ್ತರ ಕೊಡುವ ವ್ಯವಸ್ಥೆಗೆ ಪೊಲೀಸ್ ಇಲಾಖೆಗೆ ನೀವೇ ಪತ್ರ ಬರೆಯಿರಿ. ಮಂಗಳೂರಿನ ಸಿಮ್ ಹಾಕಿಕೊಂಡಿರುವ ಮಂಜೇಶ್ವರದ ಮಗು ಫೋನ್ ಮಾಡಿದರೆ ಯಾವ ರಾಜ್ಯದವರು ಎತ್ತುತ್ತಾರೆ ಎಂಬುದನ್ನೂ ಅವರನ್ನೇ ಕೇಳಿ ಮಕ್ಕಳಿಗೆ ತಿಳಿಸಿ. ಲಿಟ್ಲ್ ಕೈಟ್ಸ್‌ಗೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರು ಮಾತ್ರ ಸೇರುತ್ತಾರೆ. ಆ ಮಕ್ಕಳು ಚುರುಕು, ಸಂತೋಷ. ಆದರೆ ಆಯ್ಕೆಯಾಗದ, ಹಿಂದಿನ ಬೆಂಚಿನ, ಮಾತನಾಡದ ಮಗುವಿಗೇ ಈ ಪಾಠ ಹೆಚ್ಚು ಬೇಕು. ಯುಪಿಯಿಂದಲೇ, ಅಂದರೆ ಐದರಿಂದ ಏಳರ ತರಗತಿಗಳಿಂದಲೇ ಶುರು ಮಾಡಿ.

ಮಾಯಿಪ್ಪಾಡಿಯ ಕಾರ್ಯಾಗಾರ ಬೇಸಿಗೆ ರಜೆಯಲ್ಲೇ ಆಗಲಿ, ಜೂನ್‌ನಲ್ಲಿ ಶಾಲೆ ತೆರೆಯುವಾಗ ಟೀಚರ್‌ಗಳ ಕೈಯಲ್ಲಿ ಏನಾದರೂ ಇರಲಿ. ಅಕ್ಷಯ ಕೇಂದ್ರದ ನಮ್ಮಂಥವರನ್ನೂ ಕರೆಯಿರಿ. ನಾವು ದಿನಾ ಕಾಣುವ ಮೋಸದ ಮೆಸೇಜುಗಳನ್ನು, ಹೆಸರು ನಂಬರು ಅಳಿಸಿ, ಪಾಠಕ್ಕೆ ಕೊಡುತ್ತೇವೆ. ಎರಡನೇ ಶನಿವಾರ ಸಂಜೆ ನಮ್ಮ ಕೇಂದ್ರದ ಹಿಂದಿನ ಕೋಣೆ ಖಾಲಿ ಇರುತ್ತದೆ. ಎರಡು ಕಂಪ್ಯೂಟರ್, ಒಂದಷ್ಟು ಕುರ್ಚಿ ಇವೆ. ಹತ್ತಿರದ ಯಾವುದೇ ಶಾಲೆಯವರು ಮಕ್ಕಳನ್ನೋ ಅಮ್ಮಂದಿರನ್ನೋ ಕರೆತಂದರೆ ಬಾಗಿಲು ತೆರೆದಿಡುತ್ತೇನೆ.

ಉತ್ತರ ಕೊಡುವಿರಾದರೆ ಕನ್ನಡದಲ್ಲೇ ಕೊಡಿ. ಪಿಟಿಎ ಮೀಟಿಂಗಿನಲ್ಲಿ ಓದಿ ಹೇಳಲಿಕ್ಕಿದೆ.

ಇತಿ,
ಬದಿಯಡ್ಕ ಕಡೆಯ ಅಕ್ಷಯ ಕೇಂದ್ರವೊಂದರ ಉದ್ಯೋಗಿ, ಇಬ್ಬರು ಮಕ್ಕಳ ತಾಯಿ